ರಾಯರ ತರ್ಜನಿ

ಮೈಸೂರಿನ ಕೃಷ್ಣಮೂರ್ತಿಪುರದಲ್ಲಿ ವಿಶ್ರಾಂತಿವೇತನ ಪಡೆಯುವವರಿಲ್ಲದ ಬೀದಿಯೂ, ಆ ವೇತನದೊಡನೆಯೇ ವೇದಾಂತವನ್ನೂ ಪಡೆಯಲಾರಂಭಿಸದ ಮಹಾಶಯರೂ ದುರ್ಲಭರಾದುದರಿಂದ, ನಮ್ಮ ಎದುರುಮನೆಯ ರಾಯರು ನಿವೃತ್ತರಾದ ಮರುದಿನ ಪ್ರಾತಃಕಾಲದಲ್ಲಿಯೇ ತಮ್ಮ ಸುಖಕ್ಕೆ ಇನ್ನು ತಾವೇ ಹೊಣೆಯೆಂದು ಜಗುಲಿಯ ಮೇಲಿನಿಂದ ಸಾರಿದಾಗ ನಮಗಾರಿಗೂ ಆಶ್ಚರ್ಯವಾಗಲಿಲ್ಲ. ಗೀತೆಯ 18 ಅಧ್ಯಾಯಗಳಲ್ಲಿ ಅವರಿಗೆ ಬೇಕಾದುವು ಎರಡೇ: ಸ್ಥಿತಪ್ರಜ್ಞನ ಲಕ್ಷಣವನ್ನು ಹೇಳುವ 2ನೆಯದು, ತನ್ನ ಉದ್ಧಾರವನ್ನು ತಾನೇ ಮಾಡಿಕೊಳ್ಳಬೇಕೆಂದು ವಿಧಿಸುವ 6ನೆಯದು. ಉಳಿದ 16ನ್ನು ಶ್ರೀಕೃಷ್ಣನ ವಿವೇಚನೆಗೇ ಬಿಟ್ಟಿದ್ದರು.

ಈ ಸಿದ್ಧಾಂತದ ವೈಶಿಷ್ಟ್ಯವೆಂದರೆ, ಪರರ ದುಃಖಕ್ಕೂ ಅದು ನಿರ್ದಾಕ್ಷಿಣ್ಯವಾಗಿ ಅನ್ವಯಿಸುತ್ತಿತ್ತು. ನಾನೊಮ್ಮೆ ಹಲ್ಲುನೋವಿನಿಂದ ದವಡೆಗೆ ವಸ್ತ್ರ ಕಟ್ಟಿಕೊಂಡು ಕುಳಿತಿರಲಾಗಿ, “ನೋವು ಹಲ್ಲಿನದು, ದುಃಖ ತಮ್ಮದು; ಹಲ್ಲನ್ನು ಬಿಟ್ಟುಬಿಡಿ, ದುಃಖವನ್ನು ಕೀಳಿಸಿ ಸ್ವಾಮಿ” ಎಂದು ಉಪದೇಶಿಸಿ, ನನ್ನ ತಟ್ಟೆಯಿಂದಲೇ ಎರಡು ಗೋಟಡಕೆಯನ್ನು ಬಾಯಿಗೆಸೆದುಕೊಂಡು ಕಟಕಟನೆ ಅಗಿದರು.

ಆದರೆ ರಾಯರನ್ನು ನೋಡಬೇಕಾದುದು ಜಪದ ವೇಳೆಯಲ್ಲಿ. ನಡುಮನೆಯ ಕಂಬಕ್ಕೊರಗಿ, ಅರ್ಧನಿಮೀಲಿತ ನೇತ್ರರಾಗಿ, 108 ತುಳಸೀಮಣಿಗಳ ಸರವಿರುವ ಗೋಮುಖಿಯೊಳಗೆ ಬಲಗೈ ತೂರಿಸಿ ಕುಳಿತುಕೊಳ್ಳುವರು. ಜಪಕಾಲದಲ್ಲಿ ತೋರುಬೆರಳು ಮಣಿಯನ್ನು ಸೋಕಕೂಡದೆಂಬುದು ಸಂಪ್ರದಾಯ. ಅದು ಹೊರಗಿರಲೆಂದೇ ಗೋಮುಖಿಯಲ್ಲಿ ಒಂದು ರಂಧ್ರವನ್ನಿಟ್ಟು ಹೊಲಿಯುತ್ತಾರೆ. ಸಂಸ್ಕೃತದಲ್ಲಿ ಆ ಬೆರಳಿಗೆ ತರ್ಜನಿ, ಎಂದರೆ ಬೆದರಿಸುವಂಥದು, ಎಂದೇ ಹೆಸರು. ಅದು ಅಹಂಕಾರದ ಸಂಕೇತವೆಂದೂ ಬಲ್ಲವರು ಹೇಳುವರು. ಹೀಗೆ ಬಹಿಷ್ಕೃತವಾದ ಆ ಬೆರಳಿಗೆ ರಾಯರ ಮನೆಯಲ್ಲಿ ಒದಗಿದ್ದ ಅಧಿಕಾರ ಸಂಸ್ಥಾನದ ದಿವಾನರಿಗೂ ಇದ್ದಿರಲಾರದು. ಒಳಗಿನ ಬೆರಳುಗಳು ಪರಮಾತ್ಮನ ಸೇವೆಯಲ್ಲಿ ನಿರತವಾಗಿರಲು, ಹೊರಗಿನದು ಅಡಿಗೆಯ ಮನೆಯತ್ತ ನೆಟ್ಟಗೆ ಚಾಚಿದರೆ ಹಾಲು ಉಕ್ಕುತ್ತಿದೆಯೆಂದೂ, ಬಾಗಿಲತ್ತ ಎರಡು ಸಲ ಕುಣಿದರೆ ಸೊಪ್ಪಿನವಳು ಹೇಳುವ ಬೆಲೆ ಹೆಚ್ಚಾಯಿತೆಂದೂ, ಕೊಕ್ಕೆಯಂತೆ ಬಾಗಿದರೆ ಮೇರುಮಣಿ ಸಮೀಪಿಸಿತು, ಡಿಕಾಕ್ಷನ್ ಇಳಿಯಲಿ ಎಂದೂ ಅವರ ಪತ್ನಿ ಗ್ರಹಿಸಬೇಕು. ಗ್ರಹಿಸದಿದ್ದರೆ ಮೂಗಿನಿಂದ ಒಂದು “ಹ್ಞೂಂ!” ಹೊರಡುವುದು. ಮೇರುವನ್ನು ದಾಟದೆ ಸರವನ್ನು ಹಿಂದಿರುಗಿಸುವ ಕ್ಷಣಕ್ಕೂ, ಹಬೆಯಾಡುವ ಲೋಟ ಮಣೆಯ ಬಳಿಗೆ ಬರುವ ಕ್ಷಣಕ್ಕೂ ಅಂತರ ಬಿದ್ದುದನ್ನು ನಾನಂತೂ ಕಂಡಿಲ್ಲ. ಕುಡಿದಾದ ಮೇಲೆ, ಕಾಫಿ ಆಗತಾನೇ ಇಳಿದುಹೋದ ಸ್ಥಳವನ್ನು ಮುಟ್ಟಿ ತೋರಿಸುತ್ತ, “ಸುಖವನ್ನು ಜನ ಎಲ್ಲೆಲ್ಲೋ ಹುಡುಕುತ್ತಾರೆ, ಅದಿರುವುದು ಇಲ್ಲಿ” ಎನ್ನುವರು. ಅವರು ಸುಖಿಗಳಾಗಿದ್ದರೆಂಬುದರಲ್ಲಿ ನನಗೆ ಸಂಶಯವಿಲ್ಲ. ಆಕೆಯ ಕೈಯಲ್ಲಿ ಮಾತ್ರ ಜಪಸರವನ್ನು ನಾನೆಂದೂ ನೋಡಲಿಲ್ಲ.

ಕಳೆದ ಕಾರ್ತಿಕದಲ್ಲಿ, ಅತ್ತೆಯಿಲ್ಲದ ಮನೆಯಲ್ಲಿದ್ದ ಮಗಳ ಬಾಣಂತನಕ್ಕೆಂದು ಆಕೆ ಶಿವಮೊಗ್ಗೆಗೆ ಹೊರಟು ನಿಂತಾಗ, “ನನ್ನ ಯೋಚನೆ ನಿನಗೆ ಬೇಡ, ನನ್ನ ಸುಖದ ಹೊಣೆ ನನ್ನದು” ಎಂದು ರಾಯರು ಗಾಡಿಯವನಿಗೂ ಕೇಳಿಸುವಂತೆ ಹೇಳಿ ಕಳುಹಿಸಿಕೊಟ್ಟರು.

ಮೂರನೆಯ ದಿನ ಬೆಳಗ್ಗೆ ನಾನು ಹೋದಾಗ ಗೋಮುಖಿ ಮೊಳೆಗೆ ತೂಗುಬಿದ್ದಿತ್ತು. ಮನೆಯೆಲ್ಲ ಸೀದ ಹಾಲಿನ ವಾಸನೆ. ರಾಯರ ತರ್ಜನಿಗೆ ಬೊಬ್ಬೆಯೆದ್ದು, ಜೇನುತುಪ್ಪ ಸವರಿದ ಬಟ್ಟೆ ಸುತ್ತಿತ್ತು. “ಪೋಸ್ಟಿಗೆ ಹಾಕಿಬಿಡಿ” ಎಂದು ನನ್ನ ಕೈಗೆ ಒಂದು ಕಾರ್ಡನ್ನಿತ್ತರು. ಕಾರ್ಡನ್ನು ಓದದೆ ಡಬ್ಬಕ್ಕೆ ಹಾಕುವಷ್ಟು ಇಂದ್ರಿಯನಿಗ್ರಹ ನನಗಿನ್ನೂ ಸಿದ್ಧಿಸಿಲ್ಲ. ಬೆರಳಿನ ದೆಸೆಯಿಂದ ಅಕ್ಷರಗಳು ಸೊಟ್ಟಗಿದ್ದುವು. ‘ಇಲ್ಲಿ ಕ್ಷೇಮ’ ಎಂದು ಆರಂಭಿಸುವ ವಾಡಿಕೆಯನ್ನೂ ಬಿಟ್ಟು ಮೂರೇ ಸಾಲು ಬರೆದಿದ್ದರು: ಸಕ್ಕರೆ ಯಾವ ಡಬ್ಬಿಯಲ್ಲಿದೆ? ಚಿಕೋರಿ ಎಷ್ಟು ಬೆರಸಬೇಕು? ಎಂದು ಹೊರಡುತ್ತೀಯೆ?