‘ಲೆಟ್ಸ್ ಗೋ ಟು ಪ್ರಿಸನ್’ ಚಿತ್ರಕ್ಕೊಂದು ಬಿನ್ನವತ್ತಳೆ

ಸಭಾಧ್ಯಕ್ಷರೇ, ಸನ್ಮಾನಿತರೇ, ಊಟದ ಮನೆಯತ್ತ ಕಣ್ಣು ನೆಟ್ಟು ಕುಳಿತಿರುವ ಸಹೃದಯರೇ, 2006ರ ನವೆಂಬರ್ 17ರಂದು ಅಮೆರಿಕದಲ್ಲಿ ತೆರೆಕಂಡ ಈ ಜೈಲು ಹಾಸ್ಯಚಿತ್ರಕ್ಕೆ ಶಾಲು ಹೊದಿಸಲು ನಮಗೆ ಅಪಾರ ಹರ್ಷವಾಗುತ್ತಿದೆ. ಮಾನ್ಯ ಚಿತ್ರವೇ, ಅದೇ ದಿನ ಅಲ್ಲಿ ಬಿಡುಗಡೆಯಾದ ‘ಕ್ಯಾಸಿನೋ ರಾಯಲ್’ನ ಜೇಮ್ಸ್ ಬಾಂಡ್ ಎದುರು ತಾವು ನಿಂತಿರಿ; ನಿಂತದ್ದೇ ಸಾಹಸ. ವಿಮರ್ಶೆಗಳನ್ನು ಗುಡ್ಡೆಹಾಕಿ ಅಂಕ ಕೊಡುವ ಮೆಟಾಕ್ರಿಟಿಕ್ ಮತ್ತು ರಾಟನ್ ಟೊಮೇಟೋಸ್ ಎರಡರಲ್ಲೂ ತಮಗೆ, ನಮ್ಮ ಎಸ್ಸೆಸ್ಸೆಲ್ಸಿ ಮಕ್ಕಳನ್ನು ಆಗ ದಡ ಸೇರಿಸುತ್ತಿದ್ದ 35 ಕೂಡ ದಕ್ಕಲಿಲ್ಲ. ಒರಟು, ಅಸಭ್ಯ, ಸಾಲದ್ದಕ್ಕೆ ನಗುವೂ ಬರದು ಎಂಬುದು ಒಟ್ಟಾರೆ ಷರಾ. ಈ ಶಾಲಿನಲ್ಲಿ ಅರ್ಧ ವಿಮರ್ಶಕರಿಗೂ ಸಲ್ಲಬೇಕೆಂದು ಸಮಿತಿಯ ವಿನಮ್ರ ಅಭಿಪ್ರಾಯ. ತಮ್ಮ ಬಾಯಿ ಹೊಲಸು ಎಂದು ಮೂಗು ಮುಚ್ಚಿಕೊಂಡವರೇ ಹೆಚ್ಚು. ಆ ಬಾಯಿ ಯಾರನ್ನು ನೋಡಿ ನಗುತ್ತಿದೆ ಎಂದು ವಿಚಾರಿಸಿದವರು ಕಡಿಮೆ.

ವಿಡಂಬನೆಗೆ ಬೇಕಾದ ಸಾಮಗ್ರಿಯೆಲ್ಲ ತಮ್ಮ ಕೈಯಲ್ಲೇ ಇತ್ತು. ಕಾರುಗಳ್ಳ ಜಾನ್‌ನನ್ನು ಮತ್ತೆ ಮತ್ತೆ ಒಳಗೆ ತಳ್ಳಿದ ನ್ಯಾಯಾಧೀಶ ತೀರಿಕೊಂಡಿದ್ದಾನೆ. ಸೇಡಿಗೆಂದು ಜಾನ್ ಆತನ ಮಗನನ್ನು ಜೈಲಿಗೆ ಹಾಕಿಸಿ, ತಾನೂ ಅದೇ ಕೋಣೆ ಸೇರುತ್ತಾನೆ. ಅಮೆರಿಕದಲ್ಲಿ ಆಗ 22 ಲಕ್ಷಕ್ಕೂ ಹೆಚ್ಚು ಜನ ಕಂಬಿಯ ಹಿಂದಿದ್ದರು. ಆದರೂ ನಿರ್ದೇಶಕ ಬಾಬ್ ಓಡೆನ್‌ಕರ್ಕ್ ನೆಚ್ಚಿಕೊಂಡದ್ದು ಒಂದೇ ನಗೆಯನ್ನು: ಸಿರಿವಂತನ ಮಗನ ಮೇಲೆ ಅತ್ಯಾಚಾರ ಇಂದಾಗುತ್ತದೋ, ನಾಳೆಯೋ? ಜೈಲುಗಳಲ್ಲಿ ನಡೆಯುವ ಇದೇ ದೌರ್ಜನ್ಯವನ್ನು ತೊಡೆದುಹಾಕಲು ಅಲ್ಲಿನ ಸಂಸತ್ತು ಮೂರು ವರ್ಷ ಮೊದಲೇ, 2003ರಲ್ಲಿ, ಒಕ್ಕೊರಲಿನಿಂದ ಕಾಯ್ದೆ ಮಾಡಿತ್ತು. ಯಾವ ಪಕ್ಷವೂ ತಕರಾರು ತೆಗೆಯದ ವಿಷಯ ಚಿತ್ರಮಂದಿರದಲ್ಲಿ ತಮಾಷೆಯಾಗಿ ಉಳಿಯಿತು. ನ್ಯಾಯಾಲಯ ಬರೆಯದ ಶಿಕ್ಷೆಯೊಂದು ಕೈದಿಗೆ ತಕ್ಕದ್ದೇ ಎಂದು ಪ್ರೇಕ್ಷಕ ನಂಬಿದ್ದರೆ ಮಾತ್ರ ಆ ನಗೆ ಹುಟ್ಟುತ್ತದೆ.

ಹಾಸ್ಯಕ್ಕೆ ಮಡಿ ಉಡಿಸಬೇಡಿ ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದಂತಾಯಿತು. ಒಪ್ಪಿದೆ, ಮಡಿ ಬೇಡ. 1980ರಲ್ಲಿ ಸಿಡ್ನಿ ಪಾಟಿಯೇ ನಿರ್ದೇಶಿಸಿದ ‘ಸ್ಟರ್ ಕ್ರೇಜಿ’ಯೂ ಮಡಿಯ ಚಿತ್ರವಲ್ಲ. ಅಲ್ಲಿ ನಗೆಗೀಡಾಗುವವನು ಕೈದಿಯನ್ನು ರೋಡಿಯೋ ಆಟಕ್ಕೆ ಇಳಿಸಿ ಲಾಭ ಎಣಿಸುವ ವಾರ್ಡನ್. ಚಿತ್ರ ಗಳಿಸಿದ್ದು 10 ಕೋಟಿ ಡಾಲರ್‌ಗೂ ಹೆಚ್ಚು. ತಮ್ಮ ಕಥೆಯಲ್ಲಿ ಬರುವ ಬ್ಯಾರಿಯೆಂಬ ಕೈದಿ ಮೊದಲು ಭಯ ಹುಟ್ಟಿಸಿದರೂ ಕೊನೆಗೆ ಪ್ರೀತಿಸಬಲ್ಲ ಮನುಷ್ಯನಾಗುತ್ತಾನಲ್ಲ ಎಂಬ ಇನ್ನೊಂದು ವಾದವಿದೆ. ನಿಜ, ಆ ಪಾತ್ರದ ನಟ ಶೈ ಮೆಕ್‌ಬ್ರೈಡ್ ಅವರಿಗೆ ಬೇರೆಯೇ ಹಾರ ತರಿಸಿದ್ದೇವೆ. ಆದರೆ ಪಾತ್ರ ಬೆಳೆದಷ್ಟು ಚಿತ್ರ ಬೆಳೆಯಲಿಲ್ಲ. ಬ್ಯಾರಿಯ ಮೃದುತನವೂ ಆ ಭಯದ ಮೇಲೆಯೇ ನಿಂತಿದೆ.

ಆದ್ದರಿಂದ ತಮ್ಮ ಸೋಲನ್ನು ಅಭಿರುಚಿಯ ಗೆಲುವೆಂದು ಬರೆಯಲು ಈ ಪತ್ರದಲ್ಲಿ ಜಾಗವಿಲ್ಲ. 2003ರ ಆ ಕಾಯ್ದೆಯ ನಿಯಮಾವಳಿ 2012ರಲ್ಲಿ ಹೊರಬಂತು. ಆದರೂ 2015ರಲ್ಲಿ ‘ಗೆಟ್ ಹಾರ್ಡ್’ ಎಂಬ ಚಿತ್ರ ಅದೇ ಭಯವನ್ನು ಮತ್ತೆ ನಗೆಯಾಗಿಸಿ, ವಿಮರ್ಶಕರಿಂದ ಬೈಸಿಕೊಂಡು, 11 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು.