ಏಳು ಮೀಟರ್ ದೂರದ ಧಾರವಾಡ

ಪುಣೆಯಲ್ಲಿ ದಾರಿ ಕೇಳಿದವರಿಗೆ ಮೊದಲು ಎದುರಾಗುವುದು ದೇವರು. ಸದಾಶಿವ ಪೇಠೆಯಲ್ಲಿ ಯಾವ ಮನೆಯ ಗುರುತು ಕೇಳಿದರೂ ‘ಉಪಾಶಿ ವಿಠೋಬಾ ಗೊತ್ತಲ್ಲ?’ ಅನ್ನುತ್ತಾರೆ. ಉಪವಾಸವಿರುವ ವಿಠ್ಠಲ. ಗೊತ್ತಿಲ್ಲವೆಂದರೆ, ‘ಹೋಗಲಿ, ಖುನ್ಯಾ ಮುರಳೀಧರ?’ ಕೊಳಲೂದುವ ಕೃಷ್ಣನಿಗೆ ಕೊಲೆಯ ಬಿರುದು ಕೊಟ್ಟ ಊರು ಇದು. ಅದೂ ಗೊತ್ತಿಲ್ಲದವರಿಗೆ ಮಾರುತಿಗಳಿದ್ದಾರೆ: ಜಿಲಬ್ಯಾ ಮಾರುತಿ, ಭಿಕಾರದಾಸ ಮಾರುತಿ, ಪತ್ರ್ಯಾ ಮಾರುತಿ, ಡುಲ್ಯಾ ಮಾರುತಿ. ಡುಲ್ಯಾ ಅಂದರೆ ತೂಗಾಡುವವನು. ತೂಗಾಡುವವನ ಎಡಗಡೆ ಯಾವುದು ಎಂದು ಪುಣೇಕರರನ್ನು ಕೇಳುವ ಧೈರ್ಯ ನನಗೆ ಈವರೆಗೂ ಬಂದಿಲ್ಲ.

ಪೇಠೆಗಳಿಗೆ ವಾರದ ಹೆಸರಿಟ್ಟಿರುವುದು ಇನ್ನೊಂದು ಫಜೀತಿ. ಶನಿವಾರದ ಮಗ್ಗುಲಿಗೆ ಭಾನುವಾರ ಇರಬೇಕಲ್ಲ, ಇರುವುದು ಬುಧವಾರ. ಲಕಡೀ ಪೂಲ್ ಎಂಬ ಸೇತುವೆಯಲ್ಲಿ ಕಟ್ಟಿಗೆಯ ಒಂದು ತುಂಡೂ ಇಲ್ಲ. ಹಿರಿಯರಂತೂ ಜಾಗವನ್ನು ಕಾಲದಲ್ಲಿ ಹೇಳುತ್ತಾರೆ: ‘ಪಾನಶೇತದ ಪೂರಕ್ಕೆ ಮೊದಲು ಇಲ್ಲೊಂದು ವಾಡೆ ಇತ್ತು, ಅದರ ಎದುರಿಗೆ.’ ಪಾನಶೇತ ಅಣೆಕಟ್ಟು ಒಡೆದದ್ದು 1961ರ ಜುಲೈ 12ರಂದು. ಕೇಳುತ್ತಿರುವವನು ಆಗ ಹುಟ್ಟಿಯೇ ಇರಲಿಲ್ಲ ಎಂಬುದು ಹೇಳುವವರಿಗೆ ಮುಖ್ಯವಲ್ಲ.

ಇಂಥ ಊರಿಗೆ ಧಾರವಾಡದಿಂದ ನಮ್ಮ ಕಾಕಾ ಬರುತ್ತಾರೆ. ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದವರು. ನಿವೃತ್ತಿಯಾದದ್ದು ಸಂಬಳಕ್ಕೆ ಮಾತ್ರ. ಒಮ್ಮೆ ಓಣಿಯ ತುದಿಯಲ್ಲಿ ಯಾರೋ ಇವರನ್ನೇ ಉಪಾಶಿ ವಿಠೋಬಾನ ದಾರಿ ಕೇಳಿದರು. ಕಾಕಾ ಸೂರ್ಯನನ್ನೊಮ್ಮೆ ನೋಡಿ, ‘ಇಲ್ಲಿಂದ ನೈಋತ್ಯಕ್ಕ ಮುನ್ನೂರು ಮೀಟರ್’ ಎಂದರು. ಆ ಮನುಷ್ಯ ಕೈಮುಗಿದು, ನಾಲ್ಕು ಹೆಜ್ಜೆ ಮುಂದೆ ಹೋಗಿ, ಪಾನ್ ಅಂಗಡಿಯವನನ್ನು ಮತ್ತೆ ಕೇಳಿದ.

ಕಾಕಾನ ಚೀಲದಲ್ಲಿ ಬಟ್ಟೆಗಿಂತ ಜೋಪಾನವಾಗಿ ಬರುವುದು ಸರ್ವೆ ಆಫ್ ಇಂಡಿಯಾದ ಟೋಪೋಶೀಟುಗಳು. 1767ರಲ್ಲಿ ಹುಟ್ಟಿದ ಈ ಇಲಾಖೆ ದೇಶವನ್ನು ಹದಿನೈದು ಮಿನಿಟು ಅಕ್ಷಾಂಶ, ಹದಿನೈದು ಮಿನಿಟು ರೇಖಾಂಶದ ಚೌಕಗಳಾಗಿ ಕತ್ತರಿಸಿ, ಒಂದೊಂದಕ್ಕೂ ಒಂದೊಂದು ಹಾಳೆ ಮಾಡಿಟ್ಟಿದೆ. ಪುಣೆ ನಗರದ ಹಾಳೆ 47 ಎಫ್/14. ಅಂದರೆ ಪುಣೆಯ ಉತ್ತರದ ಪಾಲು ಮಾತ್ರ. ಹದಿನೆಂಟೂವರೆ ಡಿಗ್ರಿ ಅಕ್ಷಾಂಶ ಸ್ವಾರಗೇಟ್, ಪರ್ವತಿ ಗುಡ್ಡದ ಆಸುಪಾಸಿನಲ್ಲಿ ಹಾಯುವುದರಿಂದ ಊರು ಅಲ್ಲಿಗೆ ತುಂಡಾಗಿ, ಉಳಿದದ್ದು 47 ಎಫ್/15ಕ್ಕೆ ಹೋಗುತ್ತದೆ. ಕಾಕಾ ಎರಡನ್ನೂ ಅಂಚು ಕತ್ತರಿಸಿ ಅಂಟಿಸಿದ್ದಾರೆ.

ಅಳತೆ 1:50,000. ನಕ್ಷೆಯ ಎರಡು ಸೆಂಟಿಮೀಟರ್ ನೆಲದ ಮೇಲೆ ಒಂದು ಕಿಲೋಮೀಟರ್. ‘ಶನಿವಾರವಾಡೆಯಿಂದ ಸಿಂಹಗಡಕ್ಕ ಎಷ್ಟು?’ ಎಂದು ಕೇಳಿ, ಉತ್ತರಕ್ಕೆ ಕಾಯದೆ ಅವರೇ ಪಟ್ಟಿ ಇಟ್ಟರು. ನಲವತ್ತು ಸೆಂಟಿಮೀಟರ್. ಇಪ್ಪತ್ತು ಕಿಲೋಮೀಟರ್, ದಿಕ್ಕು ದಕ್ಷಿಣಕ್ಕೂ ನೈಋತ್ಯಕ್ಕೂ ನಡುವೆ. ನಮ್ಮ ಕಾರಿನ ಮೀಟರು ಮೂವತ್ತರ ಮೇಲೆ ತೋರಿಸುತ್ತದಲ್ಲ ಎಂದೆ. ಕಾಕಾಗೆ ಖುಷಿಯೋ ಖುಷಿ. ಹೊಲಿಗೆ ಡಬ್ಬಿಯಿಂದ ದಾರ ತರಿಸಿ, ಖಡಕವಾಸಲಾ ಕಡೆಯ ರಸ್ತೆಯ ಒಂದೊಂದು ತಿರುವಿಗೂ ಅದನ್ನು ಬೆರಳಿನಿಂದ ಒತ್ತುತ್ತ ಹೋಗಿ, ಆಮೇಲೆ ದಾರವನ್ನು ಬಿಡಿಸಿ ಅಂಚಿನ ಮಾಪಕಪಟ್ಟಿಯ ಮೇಲೆ ಹಿಡಿದು ಎಳೆದರು. ಮೂವತ್ತು ದಾಟಿತು. ‘ಪಟ್ಟಿ ಹೇಳಿದ್ದು ಕಾಗಿ ಲೆಕ್ಕ, ದಾರ ಹೇಳಿದ್ದು ನಿನ್ನ ಪೆಟ್ರೋಲಿನ ಲೆಕ್ಕ.’

ಮೊಣಕಾಲಿನ ಲೆಕ್ಕ ಇವೆರಡರಲ್ಲೂ ಇಲ್ಲ. ಅದು ಸಮೋನ್ನತ ರೇಖೆಗಳಲ್ಲಿದೆ. ಪುಣೆ ಸಮುದ್ರಮಟ್ಟದಿಂದ 560 ಮೀಟರ್ ಎತ್ತರದಲ್ಲಿದ್ದರೆ ಸಿಂಹಗಡ 1,300 ದಾಟುತ್ತದೆ. ಗಡದ ಹತ್ತಿರ ಬಂದಂತೆ ಕಂದು ಗೆರೆಗಳು ಒಂದರ ಮೇಲೊಂದು ಬಿದ್ದು ಜಾಗವೇ ಉಳಿಯುವುದಿಲ್ಲ. ಅತಕರವಾಡಿಯಿಂದ ನಡೆದು ಹತ್ತಿದವರಿಗೆ ಆ ಕಂದು ಬಣ್ಣದ ಅರ್ಥ ಗೊತ್ತು. ಮೇಲೆ ಸಿಗುವ ಪಿಠಲಾ-ಭಾಕರಿಯ ರುಚಿಗೆ ಕಾರಣವೂ ಅದೇ.

ರೇಖೆಯ ದೂರ, ದಾರದ ದೂರಗಳ ಈ ಜಗಳ ಊರೊಳಗೂ ಇದೆ. ಫರ್ಗ್ಯುಸನ್ ಕಾಲೇಜು ರಸ್ತೆ, ಜಂಗಲಿ ಮಹಾರಾಜ ರಸ್ತೆ ಎರಡೂ ಏಕಮುಖ, ಒಂದಕ್ಕೊಂದು ತಿರುಗುಮುರುಗು. ಹಾಗಾಗಿ ಉಡುಪಿ ಕಡೆಯ ಶೆಟ್ಟರು ಕಟ್ಟಿ ಬೆಳೆಸಿದ ‘ವೈಶಾಲಿ’ಗೆ ದೋಸೆ ತಿನ್ನಲು ಹೋಗುವ ದೂರ ಬೇರೆ, ಬರುವ ದೂರ ಬೇರೆ. ಯಾವ ಮಾಪಕಪಟ್ಟಿಯೂ ಇದನ್ನು ಹೇಳುವುದಿಲ್ಲ, ರಿಕ್ಷಾದ ಮೀಟರು ಹೇಳುತ್ತದೆ.

ನಕ್ಷೆಗಳಲ್ಲಿ ದಿಕ್ಕು ತೋರಿಸಲು ಬರೆಯುವ ಹೂವಿನ ಬಗ್ಗೆ ಕಾಕಾಗೆ ಅಷ್ಟು ಮರ್ಯಾದೆ ಇಲ್ಲ. 1375ರ ಕೆಟಲನ್ ಅಟ್ಲಾಸಿನಲ್ಲೇ ಬಣ್ಣಬಣ್ಣವಾಗಿ ಅರಳಿದ ಹೂವು ಅದು. ಸಮುದ್ರದ ಮೇಲೆ ಬೇಜಾರು ಕಳೆಯಲು ಬರೆದದ್ದಿರಬೇಕು ಎಂಬುದು ಅವರ ಅಭಿಪ್ರಾಯ. ಟೋಪೋಶೀಟಿನಲ್ಲಿ ಹೂವಿಲ್ಲ, ಉತ್ತರವೇ ಮೇಲೆ. ಅವರು ಮೆಚ್ಚುವುದು ನಮ್ಮ ಕಡೆಯ ಚಾಲುಕ್ಯರ ಗುಡಿಗಳ ಚಾವಣಿಯನ್ನು. ಅಲ್ಲಿ ಇಂದ್ರ, ಅಗ್ನಿ, ಯಮ, ನಿಋತಿ, ವರುಣ, ವಾಯು, ಕುಬೇರ, ಈಶಾನ ತಮ್ಮ ತಮ್ಮ ನಿಜದ ದಿಕ್ಕಿನಲ್ಲೇ ಕೂತಿರುತ್ತಾರೆ. ಆದರೆ ಕತ್ತೆತ್ತಿ ನೋಡಿ ಅದನ್ನು ಹಾಗೆಯೇ ಕಾಗದಕ್ಕೆ ಇಳಿಸಿ ನೆಲದ ಮೇಲಿಟ್ಟರೆ ಪೂರ್ವ-ಪಶ್ಚಿಮ ಅದಲುಬದಲು! ಕುಬೇರನನ್ನು ಉತ್ತರಕ್ಕೆ ಸರಿಯಾಗಿ ಕೂರಿಸಿದರೆ ಇಂದ್ರ ಪಶ್ಚಿಮಕ್ಕೆ ಹೋಗಿ ಕೂತಿರುತ್ತಾನೆ. ಮೇಲಿನ ನಕ್ಷೆಗೂ ಕೆಳಗಿನ ನಕ್ಷೆಗೂ ಕನ್ನಡಿಯ ಸಂಬಂಧ. ಆಕಾಶದ ನಕ್ಷೆಗಳಲ್ಲಿ ಉತ್ತರ ಮೇಲಿದ್ದರೂ ಪೂರ್ವ ಎಡಕ್ಕಿರುವುದು ಇದಕ್ಕೇ.

ಈ ವಿದ್ಯೆ ಒಮ್ಮೆ ನಮ್ಮ ಮನೆಗೇ ಬೇಕಾಯಿತು. ಪಕ್ಕದ ಮನೆಯ ಕಾಕು ಕರೆತಂದ ವಾಸ್ತು ಪಂಡಿತರೊಬ್ಬರು ನಮ್ಮ ಮನೆಯನ್ನೂ ಪುಕ್ಕಟೆ ನೋಡಿ, ದಿಕ್ಸೂಚಿಯನ್ನು ಕಬ್ಬಿಣದ ಕಪಾಟಿನ ಮೇಲಿಟ್ಟು, ಅಡಿಗೆಮನೆ ವಾಯವ್ಯದಲ್ಲಿದೆ, ಒಡೆಯಬೇಕು ಎಂದರು. ನನ್ನ ಹೆಂಡತಿಯ ಮುಖ ನೋಡಿ ಕಾಕಾ ಎದ್ದು ಕೂತರು. ‘ಸೂಜೀಗೆ ಪಾಪ ಉತ್ತರ ಯಾವದು, ಕಪಾಟು ಯಾವದು ತಿಳೀತದೇನು?’ ಪುಣೆಯಲ್ಲಿ ಕಾಂತದ ಉತ್ತರಕ್ಕೂ ನಿಜದ ಉತ್ತರಕ್ಕೂ ಒಂದು ಡಿಗ್ರಿಯಷ್ಟೂ ಅಂತರವಿಲ್ಲ. ಮೋಸ ಮಾಡುವುದು ಮನೆಯೊಳಗಿನ ಕಬ್ಬಿಣವೇ. ಹಿಂದೆ ಮುಂಬಯಿಗೆ ವಿದ್ಯುತ್ ಟ್ರಾಮು ಬರುತ್ತದೆಂದಾಗ ಕೊಲಾಬಾದಲ್ಲಿ ಕಾಂತದ ಸೂಜಿ ಅಳೆಯುತ್ತಿದ್ದ ವೀಕ್ಷಣಾಲಯದವರು 1904ರಲ್ಲಿ ಅಲಿಬಾಗಕ್ಕೆ ಗಂಟುಮೂಟೆ ಕಟ್ಟಿದರು ಎಂಬ ಕಥೆಯನ್ನೂ ಪಂಡಿತರು ಕೇಳಬೇಕಾಯಿತು.

ಮಾರನೆಯ ದಿನ ಕಾಕಾ ತಾರಸಿಯ ಮೇಲೆ ಸಪಾಟು ಜಾಗದಲ್ಲಿ ಒಂದು ಕೋಲು ನೆಟ್ಟು, ಸುತ್ತ ಸೀಮೆಸುಣ್ಣದ ವೃತ್ತ ಎಳೆದರು. ಬೆಳಿಗ್ಗೆ ನೆರಳಿನ ತುದಿ ವೃತ್ತವನ್ನು ಮುಟ್ಟಿ ಒಳಗೆ ಬಂದಾಗ ಒಂದು ಗುರುತು. ಮಧ್ಯಾಹ್ನ ಮೇಲೆ ವೃತ್ತ ದಾಟಿ ಹೊರಗೆ ಹೋದಾಗ ಇನ್ನೊಂದು. ಎರಡನ್ನೂ ಕೂಡಿಸಿದರೆ ಪಶ್ಚಿಮ-ಪೂರ್ವ. ಹಳೆಯ ಜ್ಯೋತಿಷದ ಪುಸ್ತಕಗಳಲ್ಲಿರುವ ಶಂಕುವಿನ ವಿಧಾನ ಇದು. ಇದಕ್ಕೆ ಬೇಕಾದದ್ದು ಬಿಸಿಲು, ತಾಳ್ಮೆ, ನಡುವೆ ಹಪ್ಪಳ ಒಣಗಿಸಲು ಬಾರದ ನೆರೆಹೊರೆ. ಅಡಿಗೆಮನೆ ಆಗ್ನೇಯದಲ್ಲೇ ಇತ್ತು. ಅಗ್ನಿ ತನ್ನ ಜಾಗದಲ್ಲಿ, ಹೆಂಡತಿ ನೆಮ್ಮದಿಯಲ್ಲಿ.

ನನ್ನ ಫೋನಿನ ನಕ್ಷೆಯನ್ನು ಕಾಕಾ ಮುಟ್ಟುವುದಿಲ್ಲ. ನಾವು ತಿರುಗಿದಂತೆ ತಾನೂ ತಿರುಗುತ್ತದೆ, ಬೆರಳು ಅಗಲಿಸಿದಂತೆ ಅಳತೆ ಹಿಗ್ಗುತ್ತದೆ, ನಟ್ಟನಡುವೆ ಸದಾ ನಾವೇ. ಇಷ್ಟು ಹೊಗಳುಭಟತನ ನಕ್ಷೆಗೆ ಒಳ್ಳೆಯದಲ್ಲ ಅನ್ನುತ್ತಾರೆ. ನಾನಂತೂ ರಾತ್ರಿ ಹನ್ನೊಂದಕ್ಕೆ ಕೋಥರೂಡಿನಲ್ಲಿ ವಿಳಾಸ ಹುಡುಕುವಾಗ ಹೊಗಳುಭಟನನ್ನೇ ನಂಬುತ್ತೇನೆ.

ಈ ಸಲ ಊರಿಗೆ ಹೊರಡುವ ಹಿಂದಿನ ದಿನ ಕಾಕಾಗೆ ಹೊಸ ಹುಕಿ ಬಂತು. ನನ್ನ ಮಗಳ ಅಟ್ಲಾಸಿನಲ್ಲಿ, ಒಂದು ಕೋಟಿಗೆ ಒಂದರ ಅಳತೆಯ ಪುಟದಲ್ಲಿ, ಪುಣೆಯಿಂದ ಧಾರವಾಡಕ್ಕೆ ಮೂರೂವರೆ ಸೆಂಟಿಮೀಟರ್ ಚಿಲ್ಲರೆ. ನೆಲದ ಮೇಲೆ ನೇರ ಗೆರೆಯಲ್ಲಿ ಸುಮಾರು 360 ಕಿಲೋಮೀಟರ್. ‘ಇದನ್ನ ಟೋಪೋಶೀಟಿನ್ಯಾಗ ನೋಡಬೇಕಲ್ಲೋ ತಮ್ಮಾ.’ ಲೆಕ್ಕ ಹಾಕಿದರೆ ಏಳು ಮೀಟರ್ ಮೇಲೆ. ಅಂಟಿಸಲು ಹತ್ತೊಂಬತ್ತು ಹಾಳೆ. ಸ್ವಾರಗೇಟಿನಲ್ಲಿ ಪುಣೆಯನ್ನು ಕತ್ತರಿಸಿದವರು ಧಾರವಾಡವನ್ನೂ ಬಿಟ್ಟಿಲ್ಲ: ಎಪ್ಪತ್ತೈದು ಡಿಗ್ರಿ ರೇಖಾಂಶ ಊರ ಮೇಲೇ ಹಾಯುವುದರಿಂದ ಕರ್ನಾಟಕ ವಿಶ್ವವಿದ್ಯಾಲಯ ಒಂದು ಹಾಳೆಗೆ, ಪೇಟೆ ಇನ್ನೊಂದಕ್ಕೆ.

‘ಏಳು ಮೀಟರ್ ಎಲ್ಲಿ ಹಾಸ್ತೀರಿ ಕಾಕಾ?’ ಎಂದು ಹೆಂಡತಿ ಕೇಳಿದಳು. ಕಾಕಾ ದಾರ ಹಿಡಿದು ಬಾಲ್ಕನಿಯಿಂದ ಹೊರಟರು. ಶನಿವಾರವಾಡೆ ತುಳಸಿ ಕುಂಡದ ಹತ್ತಿರ, ಸಾತಾರಾ ಸೋಫಾದ ಅಡಿಗೆ. ಧಾರವಾಡದ ದಿಕ್ಕು ದಕ್ಷಿಣದಿಂದ ಆಗ್ನೇಯಕ್ಕೆ ತುಸು ವಾಲಿದ್ದು. ಹಾಗೇ ದಾರ ಎಳೆದುಕೊಂಡು ಹೋದವರು ಹೊಸ್ತಿಲು ದಾಟಿ ಗ್ಯಾಸಿನ ಕಟ್ಟೆಯ ಮುಂದೆ ನಿಂತು, ‘ನೋಡವಾ, ನಿನ್ನ ತವರುಮನಿ ಇಲ್ಲೇ ಕುಕ್ಕರಿನ ಬಾಜೂಕ ಬರ್ತದ’ ಎಂದರು. ‘ಹಂಗಾದ್ರ ಅಲ್ಲೇ ನಿಂತು ಅದರ ಸೀಟಿ ಎಣಸ್ರಿ,’ ಎಂದು ಅವಳು ಹಪ್ಪಳ ತರಲು ತಾರಸಿಗೆ ಹೋದಳು.