ಓಬವ್ವನ ಹೊಟ್ಟೆಯ ಕಲ್ಲು

ಸ್ವಿಟ್ಜರ್‌ಲೆಂಡಿನಲ್ಲಿ ಗಿನಿಪಿಗ್ಗನ್ನು ಒಂಟಿಯಾಗಿ ಸಾಕುವಂತಿಲ್ಲ. ಅದು ಗುಂಪಿನಲ್ಲಿ ಬಾಳುವ ಜೀವ, ಜೊತೆಗೆ ಇನ್ನೊಂದು ಇರಲೇಬೇಕು ಅನ್ನುವ ನಿಯಮ 2008ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ಎರಡರಲ್ಲಿ ಒಂದು ಸತ್ತರೆ ಉಳಿದದ್ದಕ್ಕೆ ಬಾಡಿಗೆ ಸಂಗಾತಿ ಒದಗಿಸುವವರೂ ಇಲ್ಲಿದ್ದಾರೆ. ನಮ್ಮ ಕಡೆ ಹಿರಿಯೂರಿನಲ್ಲಿ ಅಪ್ಪ ಅಮ್ಮ, ಹೊಳಲ್ಕೆರೆ ಹತ್ತಿರದ ಹಳ್ಳಿಯಲ್ಲಿ ಅತ್ತೆ ಮಾವ, ಹೊಸದುರ್ಗದ ದೊಡ್ಡ ಮನೆಯಲ್ಲಿ ದೊಡ್ಡಮ್ಮ ಒಬ್ಬರೇ. ಹಿರಿಯರಿಗಾಗಿ ಭಾರತದಲ್ಲಿ 2007ರ ಕಾಯ್ದೆ ಇದೆ, ನಿಜ. ಆದರೆ ಅದು ಜೀವನಾಂಶದ ಲೆಕ್ಕ ಕೇಳುತ್ತದೆಯೇ ಹೊರತು ರಾತ್ರಿ ಮನೆಯಲ್ಲಿ ಜೊತೆಗೆ ಯಾರಿದ್ದಾರೆ ಎಂದು ಕೇಳುವುದಿಲ್ಲ. ಹಾಗಾಗಿ ನಾವು ಜ್ಯೂರಿಕ್‌ನಲ್ಲಿ ಕಾನೂನುಬದ್ಧವಾಗಿ ನೆಮ್ಮದಿಯಾಗಿದ್ದೇವೆ.

ನಮ್ಮ ಮನೆಯ ಎರಡು ಗಿನಿಪಿಗ್ಗುಗಳಲ್ಲಿ ಚಿಕ್ಕದರ ಹೆಸರು ಹೈಡಿ. ದೊಡ್ಡದು ತನ್ನ ಮರದ ಗೂಡಿನ ಕಿಂಡಿಯಲ್ಲೇ ಕಾವಲು ನಿಂತು, ಹೈಡಿ ತಲೆ ತೂರಿಸಿದರೆ ಮೂತಿಗೆ ಗುದ್ದುತ್ತಿತ್ತು. ಚಿತ್ರದುರ್ಗದ ಕೋಟೆ ನೋಡಿಬಂದಿದ್ದ ಮಗಳು ಅದಕ್ಕೆ ಓಬವ್ವ ಎಂದು ಹೆಸರಿಟ್ಟಳು. ತೊಂಬತ್ತು ದಿನದ ವೀಸಾ ಮೇಲೆ ಬಂದಿಳಿದ ಅತ್ತೆ ಚಪ್ಪಲಿ ಬಿಡುವ ಮುಂಚೆಯೇ ತಕರಾರು ತೆಗೆದರು. "ಹೈದರಾಲಿ ದಂಡನ್ನ ಒನಕೇಲಿ ಹೊಡೆದ ಮಹಾತಾಯಿ ಹೆಸರನ್ನ ಇಲಿಗಿಟ್ಟೀರೇನವ್ವಾ?" ಮಾವ ಮಾತ್ರ ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತು, "ಬಾಲ ಇಲ್ಲ ಕಣೇ, ಇಲಿ ಅಲ್ಲ ಇದು," ಎಂದು ಓಬವ್ವನ ಪರ ವಹಿಸಿದರು.

ಓಬವ್ವನಿಗೆ ಆಗ ಆರು ವರ್ಷ. ಈ ಜಾತಿಯ ಆಯುಸ್ಸೇ ಐದರಿಂದ ಎಂಟು ವರ್ಷವಾದ್ದರಿಂದ ಲೆಕ್ಕಕ್ಕೆ ಆಕೆಯೂ ಅಜ್ಜಿಯೇ. ಅತ್ತೆ ಮಾವ ಬಂದ ವಾರದಲ್ಲೇ ಅವಳು ಉಚ್ಚೆ ಹೊಯ್ಯುವಾಗ ಬೆನ್ನು ಗೂನು ಮಾಡಿಕೊಂಡು ಕೀರಲು ಶುರುಮಾಡಿದಳು. ಹಾಸಿದ್ದ ಬಿಳಿ ಬಟ್ಟೆಯ ಮೇಲೆ ಕೆಂಪು ಕಲೆ ಕಂಡಿತು. ಪಶುವೈದ್ಯೆ ಎಕ್ಸ್‌ರೇ ತೆಗೆದು ತೋರಿಸಿದರು: ಮೂತ್ರಕೋಶದಲ್ಲಿ ಬಟಾಣಿ ಕಾಳಿನಷ್ಟು ಬೆಳ್ಳಗಿನ ಕಲ್ಲು. ಮಾವ ಕನ್ನಡಕ ಸರಿಮಾಡಿಕೊಂಡು ನೋಡಿ, "ದುರ್ಗದ ಹೆಸರಿಟ್ಟ ಮೇಲೆ ಕಲ್ಲು ಇಲ್ದೆ ಇರುತ್ತಾ?" ಅಂದರು.

ವೈದ್ಯೆ ಹೇಳಿದ ಪಾಠ ಇಷ್ಟು. ನಮ್ಮ ದೇಹ ಊಟದ ಕ್ಯಾಲ್ಸಿಯಂನಲ್ಲಿ ತನಗೆ ಬೇಕಾದಷ್ಟನ್ನು ಹೀರಿ ಮಿಕ್ಕಿದ್ದನ್ನು ಮಲದ ದಾರಿಗೆ ಬಿಡುತ್ತದೆ. ಗಿನಿಪಿಗ್ಗಿಗೆ ಆ ಜಿಪುಣತನ ಗೊತ್ತಿಲ್ಲ. ಸಿಕ್ಕಿದ್ದನ್ನೆಲ್ಲ ಹೀರಿಕೊಂಡು, ಹೆಚ್ಚಾದದ್ದನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಆದ್ದರಿಂದಲೇ ಅದರ ಮೂತ್ರ ಆರೋಗ್ಯವಾಗಿದ್ದಾಗಲೂ ಕೊಂಚ ಮಸುಕು, ಒಣಗಿದರೆ ಸುಣ್ಣದ ಪುಡಿ. ವಯಸ್ಸಾಗಿ ಓಡಾಟ ತಗ್ಗಿ, ನೀರು ಕುಡಿಯುವುದೂ ಕಡಿಮೆಯಾದರೆ ಆ ಸುಣ್ಣ ತಳದಲ್ಲಿ ಕೆಸರಾಗಿ ಕೂರುತ್ತದೆ, ಕೆಸರು ಗಟ್ಟಿಯಾಗಿ ಕಲ್ಲಾಗುತ್ತದೆ. ಅದು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಔಷಧಿಗೆ ಕರಗುವುದಿಲ್ಲ. ಇಷ್ಟು ದೊಡ್ಡದಾದರೆ ಕೊಯ್ದೇ ತೆಗೆಯಬೇಕು, ತೆಗೆದ ಮೇಲೂ ಮತ್ತೆ ಬರಬಹುದು.

ಖರ್ಚು ಊರಿಗೆ ಹೋಗಿಬರುವ ವಿಮಾನದ ಟಿಕೆಟ್ಟಿನ ಹತ್ತಿರ ಹತ್ತಿರ. ಅದನ್ನು ಅತ್ತೆಗೆ ಹೇಳದಿರುವುದೆಂದು ಮನೆಯಲ್ಲಿ ತೀರ್ಮಾನವಾಯಿತು. ಮಗಳು ಹೇಳಿಬಿಟ್ಟಳು. ಅತ್ತೆ ಅದನ್ನು ರೂಪಾಯಿಗೆ ತಿರುಗಿಸಿ, ರೂಪಾಯಿಯನ್ನು ಕುರಿಗೆ ತಿರುಗಿಸಿ, ಎಷ್ಟು ಕುರಿ ಬರುತ್ತಿದ್ದವು ಎಂಬುದನ್ನು ಊರಿಗೆಲ್ಲ ಫೋನಿನಲ್ಲಿ ತಿಳಿಸಿದರು.

ಅಲ್ಲಿಗೆ ಜಿಲ್ಲೆ ಜಾಗೃತವಾಯಿತು. ಹಿರಿಯೂರಿನಿಂದ ಅಮ್ಮ: "ಆಪರೇಷನ್ ಯಾಕೆ? ಬಾಳೆದಿಂಡಿನ ರಸ ಕುಡಿಸು." ಹೊಸದುರ್ಗದಿಂದ ದೊಡ್ಡಮ್ಮ: "ಹುರುಳಿಕಟ್ಟು ಕಣೇ. ನಿಮ್ಮ ದೊಡ್ಡಪ್ಪಂಗೆ ಕಲ್ಲು ಬಿದ್ದಿದ್ದು ಅದರಲ್ಲೇ." ಹೊಳಲ್ಕೆರೆಯಿಂದ ಮೈದುನ: "ದಿನಾ ಒಂದು ಎಳನೀರು ಸಾಕು ಅತ್ತಿಗೆ." ಒಂದು ಕಿಲೋ ತೂಗುವ ಓಬವ್ವನಿಗೆ ಒಂದು ಎಳನೀರು ಎಂದರೆ ಅವಳು ಅದರಲ್ಲಿ ಈಜಬಹುದಿತ್ತು. ಮನುಷ್ಯರ ಕಲ್ಲು ಹೆಚ್ಚಾಗಿ ಕ್ಯಾಲ್ಸಿಯಂ ಆಕ್ಸಲೇಟ್, ಇದು ಬೇರೆ ಕುಲದ್ದು ಎಂದು ಯಜಮಾನರು ಬಿಡಿಸಿ ಹೇಳಿದರು. ದೊಡ್ಡಮ್ಮ ಕೊನೆಯವರೆಗೂ ಕೇಳಿಸಿಕೊಂಡು, "ಹುರುಳಿಗೆ ಕುಲಗಿಲ ಇಲ್ಲಪ್ಪ," ಎಂದು ಫೋನಿಟ್ಟರು. ಅತ್ತೆ ಇಷ್ಟರಲ್ಲಿ ಹೊಳಲ್ಕೆರೆಯ ಬಯಲು ಗಣಪನಿಗೆ ಹರಕೆ ಕಟ್ಟಿದ್ದರು. "ಬಾಲ ಇರಲಿ ಬಿಡಲಿ, ಅವನ ಇಲಿ ಕಡೇದೇ ಅಲ್ವಾ? ಮನೆ ಮಂದೀನ ಕೈಬಿಡ್ತಾನಾ?"

ಗಣಪನೋ ವೈದ್ಯೆಯೋ, ಆಪರೇಷನ್ ಸುಸೂತ್ರವಾಗಿ ಆಯಿತು. ಆದರೆ ಮನೆಗೆ ಬಂದ ಓಬವ್ವ ಮೂಲೆ ಹಿಡಿದು ಕೂತವಳು ಕೂತೇ ಇದ್ದಳು. ನಾವೆಲ್ಲ ಸುತ್ತ ಕೂತು ಬಟ್ಟೆ ನೋಡುತ್ತಿದ್ದೆವು. ಬಹಳ ಹೊತ್ತಿನ ಮೇಲೆ ಒಂದು ಅಂಗೈಯಗಲ ಒದ್ದೆ ಹರಡಿತು. ಮಾವ ಎದ್ದು ನಿಂತು ಕೂಗಿದರು: "ಕೋಡಿ ಬಿತ್ತೂ!"

ಹಿರಿಯೂರು ಸೀಮೆಯ ನೀರು ಕುಡಿದವರಿಗೆ ಆ ಕೂಗಿನ ತೂಕ ಗೊತ್ತು. 1907ರಲ್ಲಿ ಕಟ್ಟಿ ಮುಗಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರಲ್ಲಿ, 89 ವರ್ಷದ ಮೇಲೆ. ನಡುವೆ ಕಾದು ಕಾದು ಹೋದವರು ಎಷ್ಟೋ ಮಂದಿ. ಅಂದಿನಿಂದ ನಮ್ಮ ಮನೆಯಲ್ಲಿ ಬೆಳಗಿನ ಮೊದಲ ಸಮಾಚಾರ ಅದೇ ಆಯಿತು: ಕೋಡಿ ಬಿತ್ತಾ, ಎಷ್ಟು ಬಿತ್ತು, ಬಣ್ಣ ಹೇಗಿತ್ತು.

ಇನ್ನು ಪಥ್ಯ. ಇಲ್ಲೇ ಅತ್ತೆಗೂ ವೈದ್ಯೆಗೂ ಸಮರ. ಮಂಡಿನೋವಿನ ಅತ್ತೆಗೆ ದುರ್ಗದ ಡಾಕ್ಟರು ಕ್ಯಾಲ್ಸಿಯಂ ತಿನ್ನಿ ಅಂದಿದ್ದರು. ಈ ವೈದ್ಯೆ ಅದನ್ನೇ ತಗ್ಗಿಸಿ ಎನ್ನುತ್ತಾರೆ. ರಾಗಿ? ನೂರು ಗ್ರಾಮಿಗೆ ಸುಮಾರು 340 ಮಿಲಿಗ್ರಾಂ ಕ್ಯಾಲ್ಸಿಯಂ, ಕೂಡದು. ನುಗ್ಗೆಸೊಪ್ಪು? ಬೇಡವೇ ಬೇಡ. ಪಾಲಕ್, ಪಾರ್ಸ್ಲಿ? ದೂರವಿಡಿ. "ಮುದ್ದೆ ಬೇಡ, ಸೊಪ್ಪಿನ ಸಾರು ಬೇಡ. ಹಂಗಾದ್ರೆ ನಮ್ಮ ಜಿಲ್ಲೇಲಿ ಈ ಜೀವ ಬದುಕೋದೇ ಇಲ್ಲ ಬಿಡು," ಎಂದು ಅತ್ತೆ ತೀರ್ಪು ಕೊಟ್ಟರು. ಹಾಗೆಂದು ಕ್ಯಾಲ್ಸಿಯಂ ಪೂರಾ ನಿಲ್ಲಿಸುವಂತೆಯೂ ಇಲ್ಲ. ಮೂಳೆ ಹಲ್ಲು ಅದಕ್ಕೂ ಇವೆಯಲ್ಲ. ಸಿ ವಿಟಮಿನ್ ಅಂತೂ ದಿನಾ ಬೇಕು. ಅದನ್ನು ಮೈಯಲ್ಲೇ ತಯಾರಿಸಿಕೊಳ್ಳಲಾಗದ ಬಡಪಾಯಿಗಳಲ್ಲಿ ನಾವೂ ಗಿನಿಪಿಗ್ಗೂ ಒಂದೇ ಸಾಲು. 1907ರಲ್ಲಿ, ಅಂದರೆ ನಮ್ಮ ಅಣೆಕಟ್ಟು ಮುಗಿದ ವರ್ಷವೇ, ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಕ್ ಬರೀ ಧಾನ್ಯ ತಿಂದ ಗಿನಿಪಿಗ್ಗಿಗೂ ನಾವಿಕರ ಸ್ಕರ್ವಿ ಬರುತ್ತದೆಂದು ತೋರಿಸಿದರು. ಆದ್ದರಿಂದ ಓಬವ್ವನಿಗೆ ದಿನಾ ಒಂದು ಹೋಳು ದೊಣ್ಣೆ ಮೆಣಸಿನಕಾಯಿ. ನೀರು ಹೆಚ್ಚು ಹೋಗಲೆಂದು ಸೊಪ್ಪನ್ನು ತೊಳೆದು ಒದ್ದೆಯಾಗಿಯೇ ಕೊಡುವುದು. ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಕ.

ಉಳಿದದ್ದೆಲ್ಲ ಒಣಹುಲ್ಲು. ಹಗಲೂ ರಾತ್ರಿ ಮುಂದಿರಬೇಕು. ಬೆಳೆಯುತ್ತಲೇ ಇರುವ ಹಲ್ಲು ಸವೆಯುವುದಕ್ಕೂ, ಕರುಳು ಆಡುತ್ತಿರುವುದಕ್ಕೂ ಅದೇ ಆಧಾರ. ಅದರಲ್ಲೂ ಲೂಸರ್ನ್, ಅಂದರೆ ನಮ್ಮ ಕುದುರೆ ಮಸಾಲೆ ಸೊಪ್ಪು, ಮರಿಗೂ ಗಬ್ಬದವಕ್ಕೂ ಸರಿ, ಮುದಿಜೀವಕ್ಕೆ ಸುಣ್ಣ ಜಾಸ್ತಿ. ಬರಗಾಲದಲ್ಲಿ ಸರ್ಕಾರದ ಗೋಶಾಲೆಗೆ ಎತ್ತು ಹೊಡೆದುಕೊಂಡು ಹೋಗಿ ಮೇವಿಗೆ ಸಾಲು ನಿಂತಿದ್ದ ಮಾವ, ಬಣ್ಣದ ಚೀಲದ ಆಲ್ಪ್ಸ್ ಹುಲ್ಲನ್ನು ಮೂಸಿ, ತಿಕ್ಕಿ, ಒಂದು ಎಸಳು ಕಡಿದು ನೋಡಿದರು. "ಹೂ ಬಿಡೋ ಹೊತ್ತಿಗೆ ಸರಿಯಾಗಿ ಕುಯ್ದವ್ರೆ," ಎಂದು ಮೆಚ್ಚಿದರು. ಬೆಲೆ ಕೇಳಿದ ಮೇಲೆ ಉದುರಿದ ಎಸಳನ್ನು ಒಂದೊಂದಾಗಿ ಆರಿಸಿ ಚೀಲಕ್ಕೆ ಹಾಕಿದರು.

ಹೀಗೇ ಒಂದು ಬೆಳಿಗ್ಗೆ ಕಾಫಿಯ ಜೊತೆ ಓಬವ್ವನ ಮೂತ್ರವಿಚಾರ ನಡೆದಿತ್ತು. ಯಜಮಾನರು ಒದ್ದೆ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದರು. ಅತ್ತೆ ಲೋಟ ಕುಕ್ಕಿದರು. "ಇಲಿ ಉಚ್ಚೇನ ಬೆಳಕಿಗೆ ಹಿಡಿದು ನೋಡ್ತೀಯಲ್ಲೋ ಮಗನೇ. ನಿಮ್ಮಪ್ಪ ರಾತ್ರಿಗೆ ನಾಕು ಸಲ ಏಳ್ತಾರೆ, ಬಾತ್‌ರೂಮಲ್ಲಿ ಅರ್ಧ ಗಂಟೆ ನಿಂತಿರ್ತಾರೆ. ಇಲ್ಲಿ ರಾತ್ರಿ ಸದ್ದು ಮಾಡಬಾರದು ಅಂತ ನೀನು ಹೇಳಿದ್ದಕ್ಕೆ ನಲ್ಲಿ ಸೈತ ಬಿಡಲ್ಲ."

ಮಾವ ಹುಲ್ಲಿನ ಚೀಲದೊಳಗೆ ಕೈಹಾಕಿ ಏನೋ ಹುಡುಕತೊಡಗಿದರು. ಗಿನಿಪಿಗ್ಗಿನದನ್ನು ಬಣ್ಣ, ಅಳತೆ, ಹೊತ್ತು ಸಮೇತ ಊಟದ ಮೇಜಿನಲ್ಲಿ ಚರ್ಚಿಸುವ ಮನೆಯಲ್ಲಿ ಹಿರಿಯರದನ್ನು ಕೇಳುವುದು ಹಿರಿಯರಿಗೆ ಮರ್ಯಾದೆ ಅಲ್ಲ. ಪ್ರಾಣಿಗೆ ಸಂಕೋಚವಿಲ್ಲ, ಆದ್ದರಿಂದ ಅದಕ್ಕೆ ಬೇಗ ಎಕ್ಸ್‌ರೇ ಆಗುತ್ತದೆ. ಮನುಷ್ಯನಿಗೆ ಮಾನವಿದೆ, ಆದ್ದರಿಂದ ಅವನು ಕತ್ತಲಲ್ಲಿ ನಿಂತಿರುತ್ತಾನೆ.

ಡಾಕ್ಟರ ಬಳಿ ಹೋದಾಗ ಮಾವನಿಗೆ ಕಲ್ಲಿರಲಿಲ್ಲ. ವಯಸ್ಸಾದ ಗಂಡಸರಿಗೆ ಸಾಮಾನ್ಯವಾದ ಪ್ರಾಸ್ಟೇಟ್ ಊತ. ಮಾತ್ರೆ ಬರೆದರು, ಸಂಜೆಯ ಮೇಲೆ ಕಾಫಿ ನಿಲ್ಲಿಸಿದರು. ವೀಸಾ ಮುಗಿದು ಊರು ಸೇರಿದ ಮೇಲೂ ಮಾವ ಪ್ರತಿ ಭಾನುವಾರ ವಿಡಿಯೋ ಕಾಲ್ ಮಾಡುತ್ತಾರೆ. ನೇರವಾಗಿ ಕೇಳಿದರೆ ಇಬ್ಬರಿಗೂ ಮುಜುಗರ. ಅದಕ್ಕೊಂದು ದಾರಿ ಹುಟ್ಟಿಕೊಂಡಿದೆ.

"ಓಬವ್ವ ಹೆಂಗವಳೆ?" ಎನ್ನುತ್ತಾರೆ ಮಾವ.

"ಚೆನ್ನಾಗಿದಾಳೆ ಮಾವ, ಸಲೀಸಾಗಿ ಹೋಗ್ತಿದೆ. ನಿಮ್ಮ ಕಡೆ ಕೋಡಿ?"

"ರಾತ್ರಿಗೆ ಒಂದೇ ಸಲ ಕಣವ್ವ."

ಹಿಂದಿನಿಂದ ಅತ್ತೆಯ ದನಿ: "ಸುಳ್ಳು! ಎರಡು. ಕಾಫಿ ಕದ್ದು ಕುಡಿದ ದಿನ ಮೂರು."